ಯಾವ ಗೇಮ್ ಎಂಜಿನ್ (ಆಟ ಕಟ್ಟೋ ತಳಹದಿ ಸಾಫ್ಟ್‌ವೇರ್), ಯಾವ ಸ್ಕ್ರಿಪ್ಟ್ ಭಾಷೆ? ಕೇಳಿ (ಪ್ರಶ್ನೋತ್ತರ)

ಹೊಸಬ: ಸರ್, ಪೈಥಾನ್ ಬರುತ್ತೆ. 2ಡಿ ಪ್ಲಾಟ್‌ಫಾರ್ಮರ್ ಮಾಡ್ಬೇಕು, ಬ್ರೌಸರಲ್ಲೂ ಓಡಬೇಕು. ಯಾವ ಎಂಜಿನ್ ಹಿಡೀಲಿ?

ಎಂಜಿನ್ ಪ್ರೋಗ್ರಾಮರ್: ಗೋಡೋ ಎಂಜಿನ್, ಅದರದೇ ಭಾಷೆ ಜಿಡಿಸ್ಕ್ರಿಪ್ಟ್. ನೋಡೋಕೆ ಪೈಥಾನ್ ಥರಾನೇ, ಆದ್ರೆ ಪೈಥಾನ್ ಅಲ್ಲ. ಅದರ ಲೈಬ್ರರಿಗಳು ಇಲ್ಲಿ ನಡೆಯಲ್ಲ. ವೇರಿಯಬಲ್‌ಗಳಿಗೆ ಟೈಪ್ ಬರೆದೇ ಕೋಡ್ ಮಾಡಿ: ತಪ್ಪು ಓಡಿಸೋ ಮೊದಲೇ ಸಿಗುತ್ತೆ, ವೇಗವೂ ಸ್ವಲ್ಪ ಹೆಚ್ಚುತ್ತೆ. ಬ್ರೌಸರ್ ಬೇಕು ಅಂದ್ಮೇಲೆ ಸಿ ಶಾರ್ಪ್ ಕಡೆ ಹೋಗ್ಬೇಡಿ, ಗೋಡೋ 4.3ರಲ್ಲೂ ಸಿ ಶಾರ್ಪ್ ಪ್ರಾಜೆಕ್ಟ್ ವೆಬ್‌ಗೆ ಎಕ್ಸ್‌ಪೋರ್ಟ್ ಆಗಲ್ಲ.

ರಾತ್ರಿಗೂಬೆ: ಸಿ ಪ್ಲಸ್ ಪ್ಲಸ್‌ನಲ್ಲಿ ಸ್ವಂತ ಎಂಜಿನ್, ಒಳಗೆ ಸ್ಕ್ರಿಪ್ಟ್‌ಗೆ ಲುವಾ 5.4 ಭಾಷೆ. 2000 ಶತ್ರುಗಳು, ಪ್ರತಿಯೊಂದಕ್ಕೂ ಪ್ರತಿ ಫ್ರೇಮ್ ಒಂದು ಲುವಾ ಅಪ್‌ಡೇಟ್. ಆಗಾಗ ಜರ್ಕ್ ಹೊಡೆಯುತ್ತೆ. ಪೊಸಿಷನ್ನನ್ನ ಯೂಸರ್‌ಡೇಟಾ (ಸಿ ಪ್ಲಸ್ ಪ್ಲಸ್ ಕಡೆಯ ಮಾಹಿತಿ ಹೊತ್ತ ಲುವಾ ವಸ್ತು) ಆಗಿ ಕೊಡ್ತಿದೀನಿ. ಮುಂದೆ ಮಾಡ್‌ಗಳಿಗೂ (ಹೊರಗಿನವರು ಬರೆದು ಆಟಕ್ಕೆ ಸೇರಿಸೋ ಕೋಡ್) ಇದೇ ಸ್ಕ್ರಿಪ್ಟ್ ತೆರೆದಿಡೋ ಯೋಚನೆ.

ಚುಕ್ಕಿಜಾಣೆ: ಫಾರ್ವರ್ಡ್ ಬಂದಿತ್ತು ನೋಡಿ: "ಆಟ ಶುರುವಾಗುವಾಗ ಗಾರ್ಬೇಜ್ ಕಲೆಕ್ಟರ್ ಸ್ಟಾಪ್ ಮಾಡಿ, ವೇಗ ದುಪ್ಪಟ್ಟು!"

ಎಂಜಿನ್ ಪ್ರೋಗ್ರಾಮರ್: ದಯವಿಟ್ಟು ಅದನ್ನ ಮಾಡ್ಬೇಡಿ. ಗಾರ್ಬೇಜ್ ಕಲೆಕ್ಟರ್ ಕೆಲಸ ಬಳಸಿ ಬಿಟ್ಟ ಮೆಮೊರಿಯನ್ನ, ಅಂದ್ರೆ ಕಸವನ್ನ, ಗುಡಿಸೋದು. ಕಸ ಗುಡಿಸೋದು ನಿಲ್ಲಿಸಿದ್ರೆ ಕಸ ಹುಟ್ಟೋದು ನಿಲ್ಲುತ್ತಾ? ಮೆಮೊರಿ ಏರ್ತಾ ಹೋಗುತ್ತೆ, ಮೊಬೈಲಲ್ಲಾದ್ರೆ ಆಪರೇಟಿಂಗ್ ಸಿಸ್ಟಮ್ಮೇ ಆಟವನ್ನ ಕೊಲ್ಲುತ್ತೆ.

ರಾತ್ರಿಗೂಬೆ, ನಿಮ್ಮ ಜರ್ಕ್‌ಗೂ ಈ ಕಸವೇ ಕಾರಣ ಇರಬಹುದು, ಲೆಕ್ಕ ಹಾಕಿ. ಒಂದು ಶತ್ರು ಫ್ರೇಮಿಗೆ 3 ಸಲ ಪೊಸಿಷನ್ ಕೇಳಿದ್ರೂ 2000 × 3 × 60 (ಸೆಕೆಂಡಿಗೆ 60 ಫ್ರೇಮ್), ಅಂದ್ರೆ ಸೆಕೆಂಡಿಗೆ 3,60,000 ಹೊಸ ಯೂಸರ್‌ಡೇಟಾ. ನಿಮ್ಮ ಹತ್ತಿರ ಇರೋದು ಫ್ರೇಮಿಗೆ 16.67 ಮಿಲಿಸೆಕೆಂಡ್. ಎಕ್ಸ್, ವೈ ಎರಡನ್ನೂ ಬರೀ ಸಂಖ್ಯೆಗಳಾಗಿ ವಾಪಸ್ ಕೊಡಿ; ಲುವಾ ಒಂದಕ್ಕಿಂತ ಹೆಚ್ಚು ಬೆಲೆ ಹಿಂತಿರುಗಿಸುತ್ತೆ, ಕಸವೇ ಹುಟ್ಟಲ್ಲ. ಫ್ರೇಮಿಗೆ 2000 ಸಲ ಸಿ ಪ್ಲಸ್ ಪ್ಲಸ್‌ನಿಂದ ಲುವಾದೊಳಗೆ ಹೋಗ್ಬೇಡಿ, ಒಂದೇ ಸಲ ಹೋಗಿ ಲೂಪನ್ನ ಲುವಾದೊಳಗೇ ಓಡಿಸಿ. ಫಂಕ್ಷನ್ನನ್ನ ಪ್ರತಿ ಸಲ ಹೆಸರಿಂದ ಹುಡುಕೋ ಬದಲು ಲುವಾದ ರಿಜಿಸ್ಟ್ರಿಯಲ್ಲಿ (ಎಂಜಿನ್ ಕಡೆಯ ಕೋಡ್ ಬಳಸೋ ಟೇಬಲ್) ರೆಫರೆನ್ಸ್ ಇಟ್ಕೊಳ್ಳಿ.

ಆದ್ರೆ ನನಗೆ ದಿಗಿಲಾಗಿರೋದು ಜರ್ಕ್ ಅಲ್ಲ, ಮಾಡ್. ಓಪನ್‌ಲಿಬ್ಸ್ ಕರೆದು ಎಲ್ಲ ಲೈಬ್ರರಿ ತೆರೆದಿದ್ರೆ, ಯಾರೋ ಬರೆದ ಮಾಡ್ ಓಎಸ್.ಎಕ್ಸಿಕ್ಯೂಟ್ ಹಿಡಿದು ಆಟಗಾರನ ಕಂಪ್ಯೂಟರಲ್ಲಿ ಯಾವ ಕಮಾಂಡ್ ಬೇಕಾದ್ರೂ ಓಡಿಸುತ್ತೆ. ಮಾಡ್‌ಗೆ ಖಾಲಿ ಎನ್ವಿರಾನ್‌ಮೆಂಟ್ ಟೇಬಲ್ (ಅದಕ್ಕೆ ಕಾಣೋ ಹೆಸರುಗಳ ಪಟ್ಟಿ) ಕೊಡಿ; ಮ್ಯಾಥ್, ಸ್ಟ್ರಿಂಗ್ ಇತ್ಯಾದಿಗಳ ನಕಲನ್ನ (ಮೂಲ ಕೊಟ್ರೆ ತಿದ್ದಿಬಿಡ್ತಾರೆ) ಒಂದೊಂದಾಗಿ ಸೇರಿಸಿ. ಓಎಸ್, ಐಒ, ಡೀಬಗ್, ಪ್ಯಾಕೇಜ್, ರಿಕ್ವೈರ್, ಲೋಡ್, ಡೂಫೈಲ್ ಯಾವುದೂ ಬೇಡ. ಫೈಲ್ ಲೋಡ್ ಮಾಡುವಾಗ ಮೋಡ್ "ಟಿ" ಕೊಡಿ, ಪಠ್ಯ ಮಾತ್ರ ಒಳಗೆ ಬರ್ಲಿ. 5.2ರಿಂದ ಲುವಾದಲ್ಲಿ ಬೈಟ್‌ಕೋಡ್ (ಮೊದಲೇ ಕಂಪೈಲ್ ಆದ ಕೋಡ್) ಪರಿಶೀಲನೆಯೇ ಇಲ್ಲ, ಕಿಡಿಗೇಡಿ ಬೈಟ್‌ಕೋಡ್ ಎಂಜಿನ್ನನ್ನೇ ಕೆಡವುತ್ತೆ. ಕೊನೆಯಿಲ್ಲದ ಲೂಪ್ ತಡೆಯೋಕೆ ಕೌಂಟ್ ಹುಕ್ (ಇಂತಿಷ್ಟು ಸೂಚನೆ ಓಡಿದ ಮೇಲೆ ನಿಮ್ಮ ಫಂಕ್ಷನ್ನನ್ನ ಕರೆಯೋ ವ್ಯವಸ್ಥೆ) ಹಾಕಿ. ನಾಳೆ ಲುವಾಜಿಟ್‌ಗೆ (ಓಡುವಾಗಲೇ ಕೋಡನ್ನ ಯಂತ್ರಭಾಷೆಗೆ ತಿರುಗಿಸೋ, ಅಂದ್ರೆ ಜಿಟ್ ಮಾಡೋ ಲುವಾ) ಬದಲಾದ್ರೆ ಎಚ್ಚರ: ಜಿಟ್ ಆದ ಕೋಡಲ್ಲಿ ಆ ಹುಕ್ ಸಾಮಾನ್ಯವಾಗಿ ಕೆಲಸ ಮಾಡಲ್ಲ.

ರಾತ್ರಿಗೂಬೆ: ಓಪನ್‌ಲಿಬ್ಸ್ ಕರೆದಿದ್ದೆ 😬 ಈಗಲೇ ತೆಗೀತೀನಿ.

ಬೀಟ್‌ಬಾಕ್ಸ್: ಸೌಂಡ್‌ಗೆ ಯಾವ ಲೈಬ್ರರಿ ಒಳ್ಳೇದು ಸರ್?

ಬಗ್‌ಬೇಟೆ: ಇಷ್ಟೆಲ್ಲ ಯಾಕೆ, ಯೂನಿಟಿ ಎಂಜಿನ್ ಹಾಕ್ಕೊಂಡ್ರೆ ಮುಗೀತು.

ಚುಕ್ಕಿಜಾಣೆ: ಹೌದೌದು, ಸೆಪ್ಟೆಂಬರ್ 2023ರಲ್ಲಿ ಇನ್‌ಸ್ಟಾಲ್ ಲೆಕ್ಕದ ಮೇಲೆ ಶುಲ್ಕ ಅಂತ ಘೋಷಿಸಿದ್ರಲ್ಲ, ಅದೇ ಯೂನಿಟಿ ತಾನೇ?

ಬಗ್‌ಬೇಟೆ: ಅದನ್ನ 2024ರಲ್ಲಿ ರದ್ದು ಮಾಡಿ ಆಯ್ತು. ಹಳೇ ರಾಗ ಬಿಡಿ. ನಿಮ್ಮ ಗೋಡೋಗೆ ಕನ್ಸೋಲ್ ಎಕ್ಸ್‌ಪೋರ್ಟ್ ಜೊತೆಗೇ ಬರುತ್ತಾ?

ಚುಕ್ಕಿಜಾಣೆ: ಇಲ್ಲಿ ಕನ್ಸೋಲ್ ಕೇಳಿದ್ದು ಯಾರು? ಗೋಡೋದು ಎಂಐಟಿ ಲೈಸೆನ್ಸ್ (ಮುಕ್ತ ಪರವಾನಗಿ) ಕಣ್ರೀ, ಒಮ್ಮೆ ಇಳಿಸಿಕೊಂಡ ಆವೃತ್ತಿಯ ಷರತ್ತನ್ನ ಯಾರೂ ಬದಲಾಯಿಸೋಕಾಗಲ್ಲ. ಓದಿ ಬನ್ನಿ.

ಬಗ್‌ಬೇಟೆ: ಓದಿದೀನಿ ತಾಯಿ. ನೀವು ಆಟ ಮುಗಿಸಿ ಬನ್ನಿ.

ಹೊಸಬ2: ಸರ್ ಪೈಥಾನ್ ಬರುತ್ತೆ, ಯಾವ ಎಂಜಿನ್?

ಎಂಜಿನ್ ಪ್ರೋಗ್ರಾಮರ್: ಮೇಲೆ ಇದೆ.

ಹೊಸಬ2: ಪೈಥಾನ್‌ನ ಪೈಗೇಮ್ ಲೈಬ್ರರಿ ಸಾಕಾಗಲ್ವಾ?

ಎಂಜಿನ್ ಪ್ರೋಗ್ರಾಮರ್: ಕಲಿಯೋಕೆ ಸಾಕು. ಸೀನ್ ಎಡಿಟರ್ ಇಲ್ಲ, ಫಿಸಿಕ್ಸ್ ಇಲ್ಲ, ಎಲ್ಲ ನೀವೇ ಬರೀಬೇಕು.

ಚುಕ್ಕಿಜಾಣೆ: ಇನ್ನೊಂದು ಫಾರ್ವರ್ಡ್, "ಲುವಾದಲ್ಲಿ ಎಲ್ಲ ವೇರಿಯಬಲ್ ಗ್ಲೋಬಲ್ ಮಾಡಿದ್ರೆ ಫಾಸ್ಟ್"...

ಎಂಜಿನ್ ಪ್ರೋಗ್ರಾಮರ್: ತಲೆಕೆಳಗು. ಲೋಕಲ್ ರಿಜಿಸ್ಟರಲ್ಲಿರುತ್ತೆ (ನೇರವಾಗಿ ಸಿಗೋ ಜಾಗ), ಗ್ಲೋಬಲ್ ಅಂದ್ರೆ ಪ್ರತಿ ಸಲ ಟೇಬಲ್ ಹುಡುಕಾಟ. "ಲೋಕಲ್" ಬರೆಯೋದು ಮರೆತರೆ ತಾನಾಗಿ ಗ್ಲೋಬಲ್ ಆಗುತ್ತೆ, ಇನ್ನೊಂದು ಫೈಲಿನ ಅದೇ ಹೆಸರನ್ನ ಅಳಿಸುತ್ತೆ. ಯಾರು ಬರೀತಾರ್ರೀ ಇವನ್ನೆಲ್ಲ? ಫಾರ್ವರ್ಡ್ ಹಾಕೋ ಮುಂಚೆ ಪ್ರೊಫೈಲರ್ (ಸಮಯ ಎಲ್ಲಿ ಹೋಗ್ತಿದೆ ಅಂತ ಅಳೆಯೋ ಸಾಧನ) ಓಡಿಸಿ ನೋಡಿ.

ಬಗ್‌ಬೇಟೆ: 😂

ಚುಕ್ಕಿಜಾಣೆ: ನಗೋಕೆ ಮಾತ್ರ ಬರ್ತೀರಲ್ಲ.

ಬೀಟ್‌ಬಾಕ್ಸ್: ಸೌಂಡ್ ಬಗ್ಗೆ ಕೇಳಿದ್ದೆ...