ಜೈಸಲ್ಮೇರ್ ಮರಳಲ್ಲಿ ಗೋಧಿ ಬೆಳೆಯೋದು ಹೇಗೆ?

ಊರೂರು ತಿರುಗಿ:
ಜನವರಿಯಲ್ಲಿ ಜೈಸಲ್ಮೇರ್‌ಗೆ ಹೋಗಿದ್ದೆ. ಅಕಲ್‌ನಲ್ಲಿ ಕಲ್ಲಾದ ಮರದ ದಿಮ್ಮಿಗಳನ್ನು ನೋಡಿದೆ. 18 ಕೋಟಿ ವರ್ಷದ ಹಿಂದೆ ಅಲ್ಲಿ ಕಾಡಿತ್ತಂತೆ. ಅದನ್ನಾದರೂ ನಂಬಬಹುದು. ವಾಪಸ್ ಬರುವಾಗ ಬೋಳುಗುಡ್ಡದ ಬುಡದಲ್ಲಿ ಹಚ್ಚಗೆ ಗೋಧಿ! ಬೋರ್‌ವೆಲ್ ಇಲ್ಲ, ಕಾಲುವೆ ಇಲ್ಲ. ವರ್ಷಕ್ಕೆ 200 ಮಿ.ಮೀ. ಮಳೆಯೂ ಬೀಳದ ಜಾಗ. ಡ್ರೈವರ್ ಏನೋ ‘ಖಡೀನ್’ ಅಂದ, ನನ್ನ ಹಿಂದಿ ಅಲ್ಲಿಗೇ ನಿಂತಿತು. ಯಾರಾದರೂ ಬಿಡಿಸಿ ಹೇಳ್ತೀರಾ?

ಹಳೇ ಸರ್ವೇಯರ್:
ಥಾರ್‌ನಲ್ಲಿ ಆರು ವರ್ಷ ಅಳತೆ ಕೆಲಸ ಮಾಡಿದ್ದೇನೆ. ಗುಡ್ಡ ಬೋಳಾಗಿರುವುದೇ ಅಲ್ಲಿ ಅನುಕೂಲ. ಕಲ್ಲು ನೀರು ಕುಡಿಯುವುದಿಲ್ಲ, ಬಿದ್ದ ಮಳೆಯೆಲ್ಲ ತಗ್ಗಿಗೆ ಬರುತ್ತದೆ. ತಗ್ಗಿಗೆ ಅಡ್ಡಲಾಗಿ ಮಣ್ಣಿನ ಒಡ್ಡು ಹಾಕುತ್ತಾರೆ, ಅದೇ ಖಡೀನ್. ನೀರು ನಿಂತು ಇಂಗುತ್ತದೆ, ಮೆಕ್ಕಲು ಉಳಿಯುತ್ತದೆ. ಚಳಿಗಾಲದಲ್ಲಿ ಆ ತೇವಕ್ಕೇ ಗೋಧಿ, ಕಡಲೆ ಬಿತ್ತುತ್ತಾರೆ. ನಮ್ಮ ಎರೆಹೊಲದ ಹಿಂಗಾರಿ ಜೋಳ ಇದ್ದ ಹಾಗೆ. ಇದನ್ನು ರೂಢಿಗೆ ತಂದವರು ಪಾಲಿವಾಲ್ ಬ್ರಾಹ್ಮಣರು ಅನ್ನುತ್ತಾರೆ.

ನನಗೆ ಇದಕ್ಕಿಂತ ಜಾಸ್ತಿ ಬೆರಗು ಹುಟ್ಟಿಸಿದ್ದು ‘ಕುಈ’. ಒಬ್ಬ ಕಷ್ಟಪಟ್ಟು ಇಳಿಯುವಷ್ಟು ಕಿರಿದಾದ ಬಾವಿ. ಕೆಲವು ಕಡೆ ಮರಳಿನಡಿ ಜಿಪ್ಸಮ್ ಪದರ ಇರುತ್ತದೆ. ಅದರ ಕೆಳಗೆ ಉಪ್ಪುನೀರು. ಮೇಲೆ, ಮಳೆಯ ತೇವ ಮರಳಲ್ಲೇ ಸಿಕ್ಕಿಕೊಂಡಿರುತ್ತದೆ. ಪದರ ಒಡೆಯದೆ ತೋಡಿದರೆ ಸಿಹಿನೀರು ಬೆವರಿನಂತೆ ಒಸರುತ್ತದೆ. ದಿನಕ್ಕೆ ಎರಡು-ಮೂರು ಕೊಡ, ಅಷ್ಟೇ.

ತಮಾಷೆ ನೋಡಿ. 1958ರಲ್ಲಿ ಕೆಲಸ ಶುರುವಾದ ಕಾಲುವೆ, ಈಗಿನ ಇಂದಿರಾ ಗಾಂಧಿ ಕಾಲುವೆ, ಪಂಜಾಬಿನ ಹರಿಕೆಯಿಂದ ನೀರು ತಂದಿತು. ಹೊಲಗಳಿಗೆ ಧಾರಾಳವಾಗಿ ಹರಿಯಿತು. ಎಷ್ಟೋ ಕಡೆ ಅಂಥದೇ ಗಟ್ಟಿ ಪದರ ಅದನ್ನು ಕೆಳಗಿಳಿಯಲು ಬಿಡಲಿಲ್ಲ. ಹನುಮಾನ್‌ಗಢದ ಕಡೆ ಹೊಲ ಜೌಗಾಯಿತು, ಉಪ್ಪು ಮೇಲೆದ್ದಿತು. ‘ಸೇಮ್’ ಅನ್ನುತ್ತಾರೆ ಅಲ್ಲಿನವರು. ಒಬ್ಬ ಅಜ್ಜ ತನ್ನ ಮನೆಗೋಡೆ ತೋರಿಸಿದ್ದ. ಉಪ್ಪು ಅವನ ಎದೆಮಟ್ಟಕ್ಕೆ ಹತ್ತಿತ್ತು.

ಕತೆಪ್ರಿಯೆ:
ಸರ್, ಆ ಪಾಲಿವಾಲರೇ ಅಲ್ವಾ ಜೈಸಲ್ಮೇರ್ ಹತ್ತಿರದ ಕುಲ್‌ಧರಾ ಊರನ್ನು ಒಂದೇ ರಾತ್ರಿ ಬಿಟ್ಟುಹೋದವರು?

ಹಳೇ ಸರ್ವೇಯರ್:
ಅವರೇ ಮೇಡಂ. ಜೈಸಲ್ಮೇರ್ ದಿವಾನ ಸಾಲಿಂ ಸಿಂಗ್‌ನ ಕಾಟಕ್ಕೆ ಅನ್ನೋದು ಕತೆ. ಊರು ಖಾಲಿಯಾಗಿದ್ದು 19ನೇ ಶತಮಾನದ ಹೊತ್ತಿಗೆ. ಬಾವಿ ಬತ್ತಿದ್ದೂ ಕಾರಣ ಅನ್ನುವವರಿದ್ದಾರೆ. ನನ್ನ ವೋಟು ಬಾವಿಗೆ. ಆ ಪಾಳು ಊರು ತೋರಿಸುವ ಗೈಡ್‌ಗಳಿಗೆ ದೆವ್ವದ ಕತೆ ಬೇಕು, ಪಾಪ.

ಊರೂರು ತಿರುಗಿ:
ಥ್ಯಾಂಕ್ಸ್ ಸರ್. ಒಡ್ಡಿನ ಬುಡದಲ್ಲಿ ಕಲ್ಲಿನ ಕಿಂಡಿಯೊಂದಿತ್ತು. ಒಡೆದಿದೆ ಅಂದುಕೊಂಡಿದ್ದೆ.

ಹಳೇ ಸರ್ವೇಯರ್:
ತೂಬು ಅದು. ಬಿತ್ತನೆ ಹೊತ್ತಿಗೂ ನೀರು ನಿಂತಿದ್ದರೆ ಅದನ್ನು ತೆಗೆದು ಹೊರಗೆ ಬಿಡುತ್ತಾರೆ.