ಬಿದರಿ ಕೆಲಸವೂ ಬೇಕು, ಗೆಳೆಯರೂ ಬೇಕು: ನಿಮ್ಮ ಅನುಭವ ಹೇಳಿ

ಬೀದರ್, 23 ವರ್ಷ: ಬಿ.ಕಾಂ. ಮುಗಿಸಿ ಒಂದೂವರೆ ವರ್ಷದಿಂದ ಬಿದರಿ ಕೆಲಸ, ಅಂದರೆ ಸತುವಿನ ಸಾಮಾನಿನ ಮೇಲೆ ಬೆಳ್ಳಿಯ ಚಿತ್ತಾರ ಕೂರಿಸುವುದನ್ನು ಕಲಿಯುತ್ತಿದ್ದೇನೆ. ಉಳಿ ಹಿಡಿದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಸಂಜೆ ಗೆಳೆಯರು ಕೋಟೆಯ ಕಡೆ ಹೊರಟಾಗ ಕರೆಯುತ್ತಾರೆ. ಹೋದರೆ ಅರ್ಧಕ್ಕೆ ಬಿಟ್ಟ ಹೂಜಿಯದೇ ಯೋಚನೆ, ಹೋಗದಿದ್ದರೆ ಅವರದೇ ಯೋಚನೆ. ಈಚೆಗೆ ಕರೆಯುವುದನ್ನೂ ಕಡಿಮೆ ಮಾಡಿದ್ದಾರೆ. ನೀವೆಲ್ಲ ಹೇಗೆ ನಿಭಾಯಿಸಿದಿರಿ?

ಬಿದರಿ ಕೆಲಸದ ಅಕ್ಕ, ಬೀದರ್: ತಮ್ಮಾ, ನಾನು 18 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಇದರಲ್ಲಿ ನಿಲ್ಲಿಸಿ ಏಳಬಹುದಾದ ಹಂತಗಳೇ ಹೆಚ್ಚು. ಅರ ಹಾಕಿ ನುಣುಪು ಮಾಡುವುದು, ಮೈಲುತುತ್ತ ಬಳಿದು ಕಪ್ಪಾದ ಮೈಮೇಲೆ ಬಳ್ಳಿ ಬಿಡಿಸುವುದು, ಉಳಿಯಿಂದ ಕೊರೆದ ಗೀರಿನೊಳಗೆ ಬೆಳ್ಳಿ ತಂತಿ ಕೂರಿಸುವುದು, ಇವೆಲ್ಲ ನಾಳೆಗೂ ಕಾಯುತ್ತವೆ. ಕಾಯದಿರುವುದು ಎರಕ ಹೊಯ್ಯುವ ಹೊತ್ತು, ಮತ್ತೆ ಕೊನೆಯ ಮಣ್ಣಿನ ಕೆಲಸ. ಬಿಸಿಯಾದ ಸಾಮಾನಿಗೆ ಕೋಟೆಯ ಮಣ್ಣು, ನವಸಾಗರ ಕಲಸಿ ಹಚ್ಚುವಾಗ ಯಾರು ಕರೆದರೂ ಏಳಬೇಡ. ಸತು ಕಪ್ಪಾಗಿ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುವ ಗಳಿಗೆ ಅದು.

ಈ ವ್ಯತ್ಯಾಸ ನನಗೆ ತಡವಾಗಿ ತಿಳಿಯಿತು. ಗೆಳತಿಯ ಸೀಮಂತದ ದಿನ ನಾನು ತಂತಿ ಕೂರಿಸುತ್ತ ಕುಳಿತಿದ್ದೆ. ಆ ತಟ್ಟೆ ನಾಲ್ಕು ದಿನ ತಡವಾಗಿದ್ದರೂ ಯಾರೂ ಕೇಳುತ್ತಿರಲಿಲ್ಲ. ವಾರ ಬಿಟ್ಟು ಅವಳ ಮನೆಗೆ ಹೋದೆ. ಚಹಾ ಕೊಟ್ಟಳು, ಮಾತು ಆಡಲಿಲ್ಲ. ಹಿಂದಿನ ಸಲುಗೆ ಇವತ್ತಿಗೂ ಮರಳಿಲ್ಲ. ಈಗ ಭಾನುವಾರ ಸಂಜೆ ಯಾವ ಆರ್ಡರ್ ಇದ್ದರೂ ಒಲೆ ಹೊತ್ತಿಸುವುದಿಲ್ಲ. ನೀನೂ ಗೆಳೆಯರಿಗೆ ‘ಬಿಡುವಾದರೆ ಬರುತ್ತೇನೆ’ ಎನ್ನಬೇಡ. ಇಂಥ ದಿನ, ಇಷ್ಟು ಗಂಟೆಗೆ ಎಂದು ಹೇಳು.

ನರ್ಸ್, ಕಲಬುರಗಿ: ಪಾಳಿಯಲ್ಲಿ ದುಡಿಯುವವರಿಗೆ ಭಾನುವಾರ ಕೈಯಲ್ಲಿರುವುದಿಲ್ಲ. ನಾವು ಮೂವರು ಗೆಳತಿಯರು ರಾತ್ರಿ ಪಾಳಿ ಮುಗಿಸಿ ಅಪ್ಪನ ಕೆರೆಯ ಬಳಿ ಅರ್ಧ ಗಂಟೆ ನಡೆಯುತ್ತೇವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮೂರಿನಲ್ಲಿ ಬೆಳಗಿನ ಆ ತಂಪು ಹೊತ್ತು ನಮ್ಮದು. ಅಷ್ಟೇ ಸಿಗುವುದು, ಆದರೆ ಅದನ್ನು ಯಾವತ್ತೂ ತಪ್ಪಿಸುವುದಿಲ್ಲ.

ಸಂಜೆ ಪಾಠ ಹೇಳುವವನು, ಯಾದಗಿರಿ: ಗೆಳೆಯರನ್ನು ಒಮ್ಮೆ ಕೆಲಸದ ಜಾಗಕ್ಕೇ ಕರೆಯಿರಿ. ನನ್ನ ನಾಲ್ವರು ಗೆಳೆಯರು ಬಂದು ಮಕ್ಕಳ ಜೊತೆ ಕುಳಿತರು. ಒಬ್ಬ ಈಗ ಶನಿವಾರ ಗಣಿತ ಹೇಳಿಕೊಡುತ್ತಾನೆ. ಉಳಿದ ಮೂವರು ಮತ್ತೆ ಬರಲಿಲ್ಲ, ಆದರೆ ನಾನು ಏಕೆ ತಡವಾಗಿ ಬರುತ್ತೇನೆ ಎಂದು ಆಮೇಲೆ ಕೇಳಲಿಲ್ಲ. ನನ್ನ ಪಾಲಿನ ಮಿರ್ಚಿ ಭಜಿ ಎತ್ತಿಟ್ಟಿರುತ್ತಾರೆ.

ಬೀದರ್, 23 ವರ್ಷ: ಅಕ್ಕಾ, ಹೂಜಿಯಲ್ಲಿ ಉಳಿದಿರುವುದು ಬರೀ ತಂತಿಯ ಕೆಲಸ. ಐದೂವರೆಗೆ ಬರುತ್ತೇನೆಂದು ಈಗ ಫೋನ್ ಮಾಡಿದೆ. ಕಪ್ಪು ಮಾಡುವ ದಿನ ಅವರನ್ನೂ ಕರೆಯಲೇ?

ಬಿದರಿ ಕೆಲಸದ ಅಕ್ಕ: ಕರೆ ತಮ್ಮಾ. ನವಸಾಗರದ ಘಾಟು ಜೋರು, ಕಿಟಕಿ ತೆರೆದಿಡು. ತೊಳೆದ ಮೇಲೆ ಎಣ್ಣೆ ಒರೆಸುವುದನ್ನು ಅವರ ಕೈಯಲ್ಲೇ ಮಾಡಿಸು.