ಡಿಜಿಪಿ ಮಾದರಿ: ಸೂಪರ್‌ನೋವಾ ಗೆರೆ 1.32 ಮ್ಯಾಗ್ನಿಟ್ಯೂಡ್ ಕೆಳಗೆ ಕೂತಿದೆ

ಪ್ರಶ್ನೆ (ಬಸವನಗುಡಿ, ಬೆಂಗಳೂರು)
ಡಾರ್ಕ್ ಎನರ್ಜಿ ಇಲ್ಲದೆ, ಐದನೇ ಆಯಾಮದ ಬಲದಿಂದಲೇ ವಿಶ್ವದ ಹಿಗ್ಗುವಿಕೆ ವೇಗ ಪಡೆಯುತ್ತದೆ ಎನ್ನುವ ಡಿಜಿಪಿ ಮಾದರಿಯನ್ನು (ಡ್ವಾಲಿ, ಗಬದಾಝೆ, ಪೊರಾಟಿ, 2000) ಪೈಥಾನ್‌ನಲ್ಲಿ ಬರೆದಿದ್ದೇನೆ. ಒಮೆಗಾ-ಎಂ (ದ್ರವ್ಯದ ಪಾಲು) 0.3, ಒಮೆಗಾ-ಆರ್‌ಸಿ (ಐದನೇ ಆಯಾಮದ ಪಾಲು) 0.7, ಹಬಲ್ ಸ್ಥಿರಾಂಕ 70. ಕಡಿಮೆ ಕೆಂಪು ಪಲ್ಲಟದಲ್ಲಿ (ಝಡ್) ಸೂಪರ್‌ನೋವಾಗಳ ಡಿಸ್ಟೆನ್ಸ್ ಮಾಡ್ಯುಲಸ್ (ದೂರವನ್ನು ಮ್ಯಾಗ್ನಿಟ್ಯೂಡ್‌ನಲ್ಲಿ ಹೇಳುವ ಅಳತೆ), ಲ್ಯಾಮ್ಡಾ-ಸಿಡಿಎಂ (ಡಾರ್ಕ್ ಎನರ್ಜಿ ಇರುವ ರೂಢಿಯ ಮಾದರಿ) ಗೆರೆಗಿಂತ 1.32 ಕಡಿಮೆ ಬರ್ತಿದೆ. ಇಂಟಿಗ್ರೇಷನ್ ಹೆಜ್ಜೆ ಚಿಕ್ಕದು ಮಾಡಿದರೂ ಕದಲುತ್ತಿಲ್ಲ.

ಉತ್ತರ (ಸದಾಶಿವನಗರ)
ಇಂಟಿಗ್ರೇಷನ್ ಸರಿಯಿದೆ ಸರ್, ತಪ್ಪಿರೋದು 0.7ರಲ್ಲಿ. ಸೂತ್ರ ಇದು, ಇಲ್ಲಿ ಈ(ಝಡ್) ಅಂದರೆ ಆಗಿನ ಹಿಗ್ಗುವಿಕೆ ದರ ಇಂದಿನದರ ಎಷ್ಟು ಪಟ್ಟು ಅನ್ನೋದು:
ಈ(ಝಡ್) = √[ಒಮೆಗಾ-ಎಂ × (1+ಝಡ್)³ + ಒಮೆಗಾ-ಆರ್‌ಸಿ] + √ಒಮೆಗಾ-ಆರ್‌ಸಿ
ಝಡ್ = 0 ಹಾಕಿ ಪ್ರಿಂಟ್ ಮಾಡಿ. 1 ಬರಬೇಕು, ನಿಮಗೆ 1.837 ಬರುತ್ತದೆ. ಹತ್ತಿರದ ದೂರಗಳೆಲ್ಲ ಅಷ್ಟು ಪಟ್ಟು ಕಿರಿದಾಗುತ್ತವೆ. 5 × ಲಾಗ್ 1.837 = 1.32, ನಿಮ್ಮ ವ್ಯತ್ಯಾಸ ಅದೇ. ಚಪ್ಪಟೆ ವಿಶ್ವದಲ್ಲಿ ಇಲ್ಲಿ ಎರಡು ಒಮೆಗಾ ಕೂಡಿದರೆ 1 ಆಗಬೇಕಿಲ್ಲ. ಒಮೆಗಾ-ಆರ್‌ಸಿ = (1 − ಒಮೆಗಾ-ಎಂ)² / 4, ಅಂದರೆ 0.1225. ಆಗ 0.65 + 0.35 = 1.
ಕೊನೆಯ ವರ್ಗಮೂಲದ ಹಿಂದೆ ಮೈನಸ್ ಹಾಕಿದರೆ ಇನ್ನೊಂದು ಶಾಖೆ ಸಿಗುತ್ತದೆ, ಅದು ಲ್ಯಾಮ್ಡಾ (ಡಾರ್ಕ್ ಎನರ್ಜಿ) ಇಲ್ಲದೆ ತಾನಾಗಿ ವೇಗ ಪಡೆಯುವುದಿಲ್ಲ.

ಪ್ರಶ್ನೆ
ಕೂತಿತು, ಧನ್ಯವಾದ. ಆರ್‌ಸಿ ಅಂದರೆ ಭೌತಿಕವಾಗಿ ಏನು? ಎರಡು ಮಾದರಿಗಳ ವ್ಯತ್ಯಾಸ ಎಲ್ಲಿ ಕಾಣುತ್ತೆ?

ಉತ್ತರ (ಸದಾಶಿವನಗರ)
ಗುರುತ್ವ ಐದನೇ ಆಯಾಮಕ್ಕೆ ಸೋರಲು ಶುರುವಾಗುವ ದೂರ ಅದು. ತೊರೆಕಾಡನಹಳ್ಳಿಯಿಂದ ಬರುವ ಕಾವೇರಿ ಕೊಳವೆಯಲ್ಲಿ ಸಣ್ಣ ಸೋರಿಕೆಗಳಿದ್ದರೆ ಒಂದು ಫರ್ಲಾಂಗಿನಲ್ಲಿ ತಿಳಿಯೋದಿಲ್ಲ, ಊರು ಮುಟ್ಟುವಷ್ಟರಲ್ಲಿ ಒತ್ತಡ ಇಳಿದಿರುತ್ತದೆ. ನಿಮ್ಮ ಸಂಖ್ಯೆಗಳಿಗೆ ಆರ್‌ಸಿ ಸುಮಾರು 6,100 ಮೆಗಾಪಾರ್ಸೆಕ್, ಹತ್ತಿರ ಹತ್ತಿರ 2,000 ಕೋಟಿ ಜ್ಯೋತಿರ್ವರ್ಷ.
ಎರಡು ಮಾದರಿಗಳ ವ್ಯತ್ಯಾಸ: ಈ(1)ರ ಬೆಲೆ ಡಿಜಿಪಿಯಲ್ಲಿ 1.94, ಲ್ಯಾಮ್ಡಾ-ಸಿಡಿಎಂನಲ್ಲಿ 1.76. ಇವತ್ತಿನ ವೇಗೋತ್ಕರ್ಷವೂ ಮಂದ: ಕ್ಯೂ-ಸೊನ್ನೆ (ಹೆಚ್ಚು ಋಣವಾದಷ್ಟೂ ವೇಗೋತ್ಕರ್ಷ ಹೆಚ್ಚು) ಇಲ್ಲಿ −0.31, ಲ್ಯಾಮ್ಡಾ-ಸಿಡಿಎಂನಲ್ಲಿ −0.55.

ಉತ್ತರ (ಕೋರಮಂಗಲ)
ಒಂದು ಎಚ್ಚರಿಕೆ. ಫಿಟ್ ಮಾಡುವಾಗ ಸೂಪರ್‌ನೋವಾದ ನಿಜ ಪ್ರಕಾಶವನ್ನು ಮುಕ್ತವಾಗಿ ಬಿಟ್ಟಿದ್ದರೆ ಆ 1.32ರ ಬಹುಪಾಲನ್ನು ಅದೇ ನುಂಗಿಬಿಡುತ್ತಿತ್ತು, ತಪ್ಪು ಕಣ್ಣಿಗೇ ಬೀಳುತ್ತಿರಲಿಲ್ಲ. ಫಿಟ್‌ಗೆ ಮೊದಲು ಈ(0) ನೋಡಲೇಬೇಕು.
ಸೂಪರ್‌ನೋವಾ ಒಂದನ್ನೇ ನೆಚ್ಚಬೇಡಿ. ವೇಗ ಪಡೆಯುವ ಶಾಖೆಯಲ್ಲಿ ಗುರುತ್ವ ದೊಡ್ಡ ದೂರಗಳಲ್ಲಿ ಸಡಿಲವಾಗಿ ಗ್ಯಾಲಕ್ಸಿ ಗುಂಪುಗಳು ನಿಧಾನವಾಗಿ ಬೆಳೆಯುತ್ತವೆ. ಬೆಳವಣಿಗೆಯ ಘಾತಾಂಕ (ಹೆಚ್ಚಿದಷ್ಟೂ ಬೆಳವಣಿಗೆ ನಿಧಾನ) ಸುಮಾರು 0.68, ಲ್ಯಾಮ್ಡಾ-ಸಿಡಿಎಂನಲ್ಲಿ 0.55. ಹಿನ್ನೆಲೆ ಮೈಕ್ರೋವೇವ್ ವಿಕಿರಣದ ದತ್ತಾಂಶ ಸೇರಿಸಿದರೆ ಮಾದರಿ ಇನ್ನೂ ಹಿಂದೆ ಬೀಳುತ್ತದೆ. ಅದಕ್ಕಿಂತ ಗಂಭೀರವಾದದ್ದು ಈ ಶಾಖೆಯಲ್ಲಿರುವ ಘೋಸ್ಟ್, ಋಣ ಚಲನಶಕ್ತಿಯ ಕ್ಷೇತ್ರ. ಯಾವ ನಿಯತಾಂಕ ತಿರುಗಿಸಿದರೂ ಅದು ಹೋಗುವುದಿಲ್ಲ.